ಸುಗ್ಗಿಯ ದಿನಗಳಲ್ಲಿ ಒಂದು ಒಗ್ಗರಣೆ

ನಾನು ಆಲೂರಿನ ಕಡೆಯವಳು. ಮದುವೆಯಾಗಿ ಹೆತ್ತೂರು ಹೋಬಳಿಯ ಒಂದು ಸಣ್ಣ ಊರಿಗೆ ಬಂದ ಮೇಲೆ ಅಲ್ಲಿನ ಚಳಿ, ಜಿಗಣೆ, ದಿನಕ್ಕೆರಡೇ ಸಲ ಬರುವ ಬಸ್ಸು ಎಲ್ಲವೂ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಸುಗ್ಗಿಯ ಕಟ್ಟು. ಯುಗಾದಿಯ ಆಸುಪಾಸಿನಲ್ಲಿ ಒಂದು ಸಂಜೆ ತಮಟೆ ಹೊಡೆದು ಊರಿಗೆಲ್ಲ ಸಾರಿಬಿಟ್ಟರೆ ಮುಗಿಯಿತು. ಅಲ್ಲಿಂದ ದೇವರ ಮುಂದೆ ಸುಗ್ಗಿ ಕುಣಿದು ಮುಗಿಸುವವರೆಗೆ, ಹದಿನೈದು ದಿನ, ಊರಿನ ಗಡಿಯೊಳಗೆ ಹಸಿ ಮರ ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ, ಬೇರೆ ಊರಲ್ಲಿ ರಾತ್ರಿ ಉಳಿಯುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ. ಮೊದಲ ಮೂರನ್ನು ನಾನು ಹೇಗೂ ಮಾಡುತ್ತಿರಲಿಲ್ಲ. ನಾಲ್ಕನೆಯದು ನನ್ನ ಪ್ರಾಣ ಹಿಂಡುತ್ತಿತ್ತು.

ನಮ್ಮತ್ತೆ ಈ ವಿಷಯದಲ್ಲಿ ಇಡೀ ಊರಿಗೇ ಹೆಸರಾದವರು. ತಮಟೆಯ ಸದ್ದು ಕೇಳಿದ ಕೂಡಲೇ ಸಾಸಿವೆ ಡಬ್ಬಿ, ಒಗ್ಗರಣೆ ಸೌಟು ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಅಪ್ಪಿತಪ್ಪಿ ಕೈ ಹೋದೀತು ಎಂಬ ಭಯ ಅವರಿಗೆ. ಅಪ್ಪಿತಪ್ಪಿ ಹೋಗುವ ಕೈ ತಮ್ಮದೋ ನನ್ನದೋ ಎಂದು ಅವರು ಬಿಡಿಸಿ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಊರಿನ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗೆಲ್ಲ ನನಗೆ ನನ್ನ ಬುದ್ಧಿಯ ಬಗ್ಗೆ ಬಹಳ ಗೌರವವಿತ್ತು. ಗ್ರಹಣದ ದಿನ ಮಕ್ಕಳ ಮುಂದೆ ನಿಂತು ಬಾಳೆಹಣ್ಣು ತಿಂದು ತೋರಿಸಿದವಳು ನಾನು. ಇಂಥವಳು ಮನೆಯಲ್ಲಿ ಮಾತ್ರ ಆರು ದಿನ ಬೇಯಿಸಿದ ಬೇಳೆಗೆ ಉಪ್ಪು ಖಾರ ಹಾಕಿಕೊಂಡು ತೆಪ್ಪಗೆ ಉಣ್ಣುತ್ತಿದ್ದೆನಲ್ಲ, ಅದು ಒಳಗೊಳಗೇ ಉರಿಯುತ್ತಿತ್ತು.

ಏಳನೇ ದಿನ ಭಾನುವಾರ. ಎರಡು ದಿನದ ಜ್ವರ ಬಿಟ್ಟು ಬಾಯಿ ಸಪ್ಪೆಯಾಗಿತ್ತು. ನಮ್ಮವರು ಪಂಪ್‌ಸೆಟ್ ರಿಪೇರಿಗೆಂದು ಆನೇಮಹಲ್ ಕಡೆಗೆ ಹೋಗಿದ್ದರು. ಅತ್ತೆ ದೇವಸ್ಥಾನ ಸಾರಿಸುವುದಕ್ಕೆ ಹೋಗಿದ್ದರು. ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಸಾಸಿವೆ ಪೊಟ್ಟಣವೊಂದು ಭರಣಿಯ ಹಿಂದೆ ಇರುವುದು ನನಗೆ ಗೊತ್ತಿತ್ತು. ಅಡುಗೆಮನೆಯ ಕಿಟಕಿ ಮುಚ್ಚಿ, ಕಬ್ಬಿಣದ ಸಣ್ಣ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಸಾಸಿವೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ ಹಾಕಿದೆ. ಸಾಸಿವೆ ಸಿಡಿಯುವುದು ಅಷ್ಟು ಜೋರಾಗಿ ಕೇಳಿಸುತ್ತದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಬೇಳೆಗೆ ಸುರಿದೆ, ಎರಡು ತಟ್ಟೆ ಅನ್ನ ಉಂಡೆ, ಬಾಣಲೆಯನ್ನು ಬೂದಿ ಹಾಕಿ ತಿಕ್ಕಿದೆ. ನೋಡೋಣ ಏನಾಗುತ್ತದೆ, ಇದೂ ಒಂದು ಪ್ರಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ಪ್ರಯೋಗವಲ್ಲ, ಬಾಯಿಚಪಲ.

ಮೂರು ದಿನ ಏನೂ ಆಗಲಿಲ್ಲ. ಬುಧವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು.

ಕಾಫಿ ಬೆಳೆಯುವವರಿಗೆ ಅದು ಎಂಥ ಹೊತ್ತು ಎಂದು ಹೇಳಬೇಕು. ಹೂಮಳೆ ಬಿದ್ದು ಒಂಬತ್ತು ದಿನವಾಗಿ, ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು. ಕಾಲು ಗಂಟೆಯ ಆಲಿಕಲ್ಲಿಗೆ ಊರಿನ ಮೇಲುಮಗ್ಗುಲಿನ ತೋಟಗಳಲ್ಲಿ ಹೂವೆಲ್ಲ ನೆಲಕ್ಕೆ ಬಂತು. ನಮ್ಮ ತೋಟದಲ್ಲಿಯೂ ಅರ್ಧ ಹೋಯಿತು. ನಾನು ಶಾಲೆಯ ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ಮಕ್ಕಳು ಅಂಗಳಕ್ಕೆ ಓಡಿ ಆಲಿಕಲ್ಲು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಆಲಿಕಲ್ಲು ಹೇಗಾಗುತ್ತದೆ ಎಂಬ ಪಾಠ ನಾನೇ ಮಾಡಿದ್ದೆ, ಬೋರ್ಡಿನ ಮೇಲೆ ಮೋಡದ ಚಿತ್ರ ಬರೆದು. ಸಾಸಿವೆಗೂ ಮೋಡಕ್ಕೂ ಸಂಬಂಧವಿಲ್ಲ. ಗೊತ್ತಿದ್ದೂ ಭಾನುವಾರದಿಂದ ದಿನ ಎಣಿಸುತ್ತಿದ್ದೆ, ನನ್ನ ಮೇಲೇ ಸಿಟ್ಟು ಬಂತು.

ಗುರುವಾರ ಬೆಳಗ್ಗೆ ಊರ ಕಟ್ಟೆಯ ಮೇಲೆ ಗಂಡಸರು ಸೇರಿದರು. ಸಂಜೆ ಕಾಫಿ ಕುಡಿಯುತ್ತಾ ನಮ್ಮವರು ಅಲ್ಲಿ ನಡೆದದ್ದನ್ನು ಹೇಳಿದರು. ಸುಗ್ಗಿ ನಡೆಸುವ ಯಜಮಾನರು, ನಮ್ಮವರಿಗೆ ದೂರದ ದೊಡ್ಡಪ್ಪ, ಭಾನುವಾರ ಹನ್ನೊಂದರ ಹೊತ್ತಿಗೆ ನಮ್ಮ ಮನೆಯ ಕೆಳಗಿನ ರಸ್ತೆಯಲ್ಲಿ ಬರುತ್ತಿದ್ದಾಗ ಅವರ ಮೂಗಿಗೆ ಬೆಳ್ಳುಳ್ಳಿ ಒಗ್ಗರಣೆ ಬಡಿಯಿತಂತೆ. ಹಬ್ಬದ ಹೊತ್ತಲ್ಲಿ ಯಾಕೆ ಗಲಾಟೆ ಎಂದು ಸುಮ್ಮನಿದ್ದರಂತೆ. ಆಲಿಕಲ್ಲು ಬಿದ್ದ ಮೇಲೆ ಸುಮ್ಮನಿರುವುದಕ್ಕೆ ಆಗಲಿಲ್ಲವಂತೆ. ಅಲ್ಲಿ ಇರುವುದು ಎರಡೇ ಒಲೆ. ಒಂದು ನಮ್ಮದು. ಇನ್ನೊಂದು ನಮ್ಮ ಹಿತ್ತಲಿಗೆ ಹೊಂದಿಕೊಂಡು ರಸ್ತೆಯ ತಿರುವಿನಲ್ಲಿದ್ದ ಆಳಿನ ಮನೆಯದು.

"ನಮ್ಮವ್ವನ ಒಲೆ ಅಂತ ಯಾರಾದ್ರೂ ಅಂತಾರಾ?" ಎಂದರು ನಮ್ಮವರು. "ಇನ್ನುಳಿದಿದ್ದು ಅವಳೇ ಅಲ್ವಾ. ಬಯಲುಸೀಮೆಯೋಳು, ಅವಳಿಗೇನು ಗೊತ್ತು ಸುಗ್ಗಿ."

ಆ ಹೆಂಗಸು ಮೂರು ವರ್ಷದಿಂದ ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ನನ್ನ ಏಳನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಪಬ್ಲಿಕ್ ಪರೀಕ್ಷೆಗೆ ಇನ್ನು ಹತ್ತು ದಿನವಷ್ಟೇ ಇತ್ತು. ಓದಿನಲ್ಲಿ ಅಂಥ ಮುಂದೇನಲ್ಲ, ಆದರೆ ಬಿಡದ ಹಟದವಳು. ಸಂಜೆ ನಮ್ಮ ಜಗಲಿಗೆ ಬಂದು ಲೆಕ್ಕ ಹೇಳಿಸಿಕೊಂಡು ಹೋಗುತ್ತಿದ್ದಳು. ಊರಿನವರು ಕಟ್ಟೆಯ ಮೇಲೆ ತೀರ್ಮಾನ ಮಾಡಿದ್ದು ಇಷ್ಟು: ಸೋಮವಾರ ಸುಗ್ಗಿ ಕುಣಿಯುವ ಮೊದಲು ತಾಯಿ ಊರಿನ ಗಡಿ ದಾಟಿರಬೇಕು. ಮತ್ತೆ ಇಲ್ಲಿ ಕೆಲಸ ಇಲ್ಲ. ದಾಟಿದರೆ ತವರಿಗೇ ಹೋಗಬೇಕು, ಹೋದರೆ ಮಗಳ ಪರೀಕ್ಷೆ ತಪ್ಪುತ್ತದೆ. ಆ ವರ್ಷ ತಪ್ಪಿದರೆ ಅಂಥ ಮನೆಯ ಹುಡುಗಿ ಮತ್ತೆ ಶಾಲೆ ಕಡೆ ತಲೆ ಹಾಕುವುದಿಲ್ಲ ಎಂಬುದು ಹತ್ತು ಮಕ್ಕಳನ್ನು ನೋಡಿ ನನಗೆ ಗೊತ್ತಿತ್ತು.

ನಾನು ಲೋಟ ಕೆಳಗಿಟ್ಟು, "ಒಗ್ಗರಣೆ ಹಾಕಿದ್ದು ನಾನು" ಎಂದೆ.

ನಮ್ಮವರು ನನ್ನನ್ನು ನೋಡಿದರು, ಆಮೇಲೆ ನಕ್ಕರು. "ಸುಮ್ನಿರು ಮಾರಾಯ್ತಿ. ಆ ಹುಡುಗಿ ಮೇಲೆ ನಿಂಗೆ ಪ್ರೀತಿ ಅಂತ ನಂಗೂ ಗೊತ್ತೈತೆ."

ಇಂಥದ್ದೊಂದು ಉತ್ತರಕ್ಕೆ ನಾನು ತಯಾರಾಗಿರಲಿಲ್ಲ. ಬೈಗುಳಕ್ಕೆ ತಯಾರಾಗಿದ್ದೆ. ಅತ್ತೆಯನ್ನು ಕರೆದು ಮತ್ತೆ ಹೇಳಿದೆ. ಅವರು ಅಟ್ಟದ ಕಡೆ ನೋಡಿ, "ಸಾಸಿವೆ ಡಬ್ಬಿ ನಾನೇ ಎತ್ತಿಟ್ಟಿದ್ದೀನಲ್ಲ" ಎಂದರು. ಭರಣಿಯ ಹಿಂದಿನಿಂದ ಪೊಟ್ಟಣ ತಂದು ಬಿಚ್ಚಿದ ಮೂಲೆ ತೋರಿಸಿದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿದರು. "ಇಲಿ ಕಚ್ಚೈತೆ" ಎಂದರು. "ಪಾಠ ಹೇಳೋಳು ನೀನು. ಬೇರೆಯೋರ ತಪ್ಪನ್ನ ಮೈಮೇಲೆ ಎಳ್ಕೊಂಡು ಈ ಮನೆ ಹೆಸರು ಕೆಡಿಸ್ಬ್ಯಾಡ."

ಆಗ ನನಗೆ ಗೊಂದಲ ಶುರುವಾದದ್ದು. ಅತ್ತೆಗೆ ನಿಜವಾಗಿಯೂ ನಂಬಿಕೆ ಬರಲಿಲ್ಲವೋ, ನಂಬಿಕೆ ಬಂದೇ ಇಲಿಯನ್ನು ಮುಂದೆ ಬಿಟ್ಟರೋ? ಅವರ ಮುಖದಲ್ಲಿ ಎರಡೂ ಓದಬಹುದಿತ್ತು. ನಾನು ಅವರನ್ನು ಅದುವರೆಗೆ ಒಬ್ಬ ಸೀದಾ ಸಾದಾ ಮುದುಕಿ ಎಂದುಕೊಂಡಿದ್ದೆ.

ಮರುದಿನ ಶಾಲೆ ಬಿಟ್ಟ ಮೇಲೆ ಯಜಮಾನರ ಮನೆಗೆ ಹೋದೆ. ಒಂದೂವರೆ ಮೈಲಿ ಏರುದಾರಿ. ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಕಟ್ಟು, ದೇವರು, ಮೂಢನಂಬಿಕೆ ಎಂದೆಲ್ಲ ಜಗಳಕ್ಕೆ ನಿಲ್ಲಬಾರದು, ನಡೆದದ್ದನ್ನಷ್ಟೇ ಹೇಳಬೇಕು ಎಂದು ತೀರ್ಮಾನಿಸಿದೆ. ಅವರು ಕಣದಲ್ಲಿ ಮೆಣಸು ಹರವುತ್ತಿದ್ದವರು ನನ್ನನ್ನು ನೋಡಿ ಎದ್ದು ಬಂದರು. ಮಜ್ಜಿಗೆ ತರಿಸಿದರು.

"ಮಾವ, ಭಾನುವಾರ ಒಗ್ಗರಣೆ ಹಾಕಿದ್ದು ನಾನು. ಅವಳಲ್ಲ."

"ನೀನು ಹಿಂಗೆ ಬಂದು ಹೇಳ್ತೀಯ ಅಂತ ನಿನ್ ಗಂಡ ಹೇಳಿದ್ದ" ಎಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಿಜವಾಗ್ಲೂ ಹೇಳ್ತಿದ್ದೀನಿ ಮಾವ. ಸಾಸಿವೆ ಹಾಕಿದ್ದು ಈ ಕೈಯೇ."

"ನೋಡು ಕಣವ್ವ. ತಪ್ಪು ಮಾಡ್ದೋರು ಬಿಸಿಲಲ್ಲಿ ಇಷ್ಟು ದೂರ ಹತ್ಕೊಂಡು ಬಂದು ಒಪ್ಕೊಳಲ್ಲ. ಎಪ್ಪತ್ತು ವರ್ಸ ಆತು ನಾನು ಜನ ನೋಡಕ್ಕೆ ಹಿಡ್ದು. ಆಯಮ್ಮನ ಹತ್ರ ಹೋಗಿ ಊರು ಬಿಡ್ಬೇಕು ಅಂದ್ರೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಮಾಡ್ದೆ ಇದ್ದೋಳು ಬಾಯಿ ಮುಚ್ಕೊಂಡಿರ್ತಾಳಾ?"

ಒಪ್ಪಿಕೊಂಡವಳು ನಿರಪರಾಧಿ, ಸುಮ್ಮನಿದ್ದವಳು ಅಪರಾಧಿ. ನಾನು ಸುಮ್ಮನಿದ್ದಿದ್ದರೆ ಆಗಲೂ ಅಪರಾಧಿಯಾಗುತ್ತಿರಲಿಲ್ಲ, ಯಾಕೆಂದರೆ ನಾನು ಅತ್ತೆಯ ಸೊಸೆ. ಅವಳು ಬಾಯಿಬಿಟ್ಟು ಅಲ್ಲ ಎಂದಿದ್ದರೆ ಆಗಲೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಅವಳು ಬಯಲುಸೀಮೆಯವಳು. ಇದನ್ನೆಲ್ಲ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆ ಹೊತ್ತಿಗೆ ಅವರು ಇನ್ನೊಂದು ಮಾತು ಹೇಳಿದರು.

"ನಾನೇನು ಕಟುಕ ಅಲ್ಲ. ಮಗೀಗೆ ಯಾವ ಕಟ್ಟೂ ಇಲ್ಲ. ಪರೀಕ್ಸೆ ಮುಗಿಯೋಗಂಟ ನಿಮ್ಮನೇಲಾದ್ರೂ ಇರ್ಲಿ, ನಮ್ಮನೇಲಾದ್ರೂ ಇರ್ಲಿ. ಆದ್ರೆ ತಾಯಿ ಮಾತ್ರ ಗಡಿ ದಾಟ್ಬೇಕು. ಇಲ್ದಿದ್ರೆ ಕುಣಿಯೋ ಹುಡುಗ್ರು ಕಾಲೇ ಎತ್ತಲ್ಲ ಅಂತವ್ರೆ. ಹೂವು ಹೋಗೈತೆ, ಹೊಟ್ಟೆ ಉರ್ದು ಕೂತವ್ರೆ. ಅವಳು ಇಲ್ಲೇ ಇದ್ರೆ ಯಾರಾದ್ರೂ ಏನಾರ ಮಾಡ್ಬುಟ್ರೆ ಯಾರು ಹೊಣೆ?"

ಕ್ರೂರಿ ಎಂದುಕೊಂಡು ಹತ್ತಿ ಬಂದಿದ್ದೆ, ಅವರು ನನಗಿಂತ ಮೊದಲೇ ಆ ಹುಡುಗಿಯ ಪರೀಕ್ಷೆಯ ಬಗ್ಗೆ ಯೋಚಿಸಿದ್ದರು. ಹಾಗೆಂದು ಮಾಡುತ್ತಿದ್ದದ್ದು ಅನ್ಯಾಯವಲ್ಲ ಎನ್ನಲಾದೀತೇ? ಮಜ್ಜಿಗೆ ಕುಡಿದು ಇಳಿದು ಬಂದೆ.

ಶನಿವಾರ ಬೆಳಗಿನ ಶಾಲೆ. ಹನ್ನೊಂದಕ್ಕೆ ಮನೆಗೆ ಬಂದವಳಿಗೆ ತಲೆಗೊಂದು ಹುಳ ಹೊಕ್ಕಿತು. ನನ್ನ ಅಡುಗೆಮನೆಯ ವಾಸನೆ ಕೆಳಗಿನ ರಸ್ತೆಯವರೆಗೆ ಹೋಗುತ್ತದೆ ಎಂದು ತೋರಿಸಿಕೊಟ್ಟರೆ ನಮ್ಮವರಾದರೂ ನಂಬಬಹುದು. ಇನ್ನೊಂದು ಸಲ ಒಗ್ಗರಣೆ ಹಾಕುವ ಧೈರ್ಯ ನನಗಿರಲಿಲ್ಲ, ಇದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಅದರ ಬದಲು ಒಲೆಯ ಪಕ್ಕ ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಹಾಕಿ, ಕಿಟಕಿ ಮುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಗೆ ಓಡಿದೆ. ಯಜಮಾನರು ನಡೆದ ಜಾಗದಲ್ಲಿ ನಿಂತು ಮೂಗು ಅರಳಿಸಿದೆ. ಏನೂ ಇಲ್ಲ. ತಿರುವಿನವರೆಗೆ ನಡೆದೆ, ಹಿಂದಕ್ಕೆ ಬಂದೆ. ದನ ಹೊಡೆದುಕೊಂಡು ಬರುತ್ತಿದ್ದವರೊಬ್ಬರು, "ಏನು ಟೀಚರಮ್ಮ, ಏನಾರ ಕಳ್ಕೊಂಡ್ರಾ?" ಎಂದು ಕೇಳಿದರು. ಹೊಗೆಯೆಲ್ಲ ಹೆಂಚಿನ ಸಂದಿಯಲ್ಲಿ ಎದ್ದು ಮೇಲಿನ ತೋಟದ ಕಡೆಗೆ ಹೋಗುತ್ತಿದ್ದದ್ದು ಕೆಳಗಿನಿಂದಲೇ ಕಾಣುತ್ತಿತ್ತು.

ಎರಡು ಸಲ ಮಾಡಿದೆ. ಎರಡು ಸಲವೂ ಅಷ್ಟೇ. ಭಾನುವಾರದ ಗಾಳಿ ಬೇರೆ ಇದ್ದಿರಬಹುದು ಎಂದು ಹೇಳಿಕೊಂಡೆ. ಬೆಳ್ಳುಳ್ಳಿಯ ವಾಸನೆ ಭಾರ, ಸಾಂಬ್ರಾಣಿ ಹಗುರ ಎಂದೂ ಹೇಳಿಕೊಂಡೆ, ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತೆ. ಒಗ್ಗರಣೆ ಹಾಕಿದ್ದು ನಾನು, ಅದರಲ್ಲಿ ಸಂಶಯವಿಲ್ಲ. ಆದರೆ ಯಜಮಾನರ ಮೂಗಿಗೆ ಬಡಿದದ್ದು ನನ್ನ ಒಗ್ಗರಣೆಯೇ ಎಂದು ನನಗೆ ಹೇಳಿದವರು ಯಾರು? ನಾನು ತಪ್ಪು ಮಾಡಿದ್ದೆ, ಆದ್ದರಿಂದ ಆ ವಾಸನೆ ನನ್ನದೇ ಎಂದು ಹಾರಿ ಕೂತಿದ್ದೆ. ಹಾಗಾದರೆ ಅದು ಯಾರದು? ರಸ್ತೆಯ ತಿರುವಿಗೆ ಹತ್ತಿರ ಇದ್ದದ್ದು ಅವಳ ಒಲೆ. ಈ ಯೋಚನೆ ಬಂದ ಕೂಡಲೇ ನನಗೆ ಒಂದು ಥರ ಸಮಾಧಾನವಾಯಿತು. ಆ ಸಮಾಧಾನ ಕಂಡು ಹೇಸಿಗೆಯಾಯಿತು.

ಸಾಯಂಕಾಲ ಅವಳ ಮನೆಗೆ ಹೋದೆ. ಮೂರು ವರ್ಷದಲ್ಲಿ ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಬಾಗಿಲಲ್ಲಿ ಎರಡು ಗಂಟು ಸಿದ್ಧವಾಗಿದ್ದವು. ಮಗಳು ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿ ದಾರ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ತಾಯಿ ಹೇಳಿದ ಮೇಲೆ ಕೊಡ ಎತ್ತಿಕೊಂಡು ನೀರಿಗೆ ಹೋದಳು.

"ಅವಳನ್ನ ನನ್ ಹತ್ರ ಬಿಡು" ಎಂದೆ. "ಪರೀಕ್ಷೆ ಮುಗಿದ ಮೇಲೆ ನಾನೇ ಕರ್ಕೊಂಡು ಬಂದು ಬಿಡ್ತೀನಿ."

"ಬ್ಯಾಡ ಅಮ್ಮೋರೆ. ತಾಯಿನ ಊರಿಂದ ಓಡ್ಸವ್ರೆ, ಮಗಳು ಯಾವ ಮಕ ಇಟ್ಕೊಂಡು ಇಲ್ಲಿ ಉಣ್ತಾಳೆ?"

"ಒಂದು ವರ್ಷ ಹಾಳಾಗುತ್ತೆ."

"ಹೂಂ" ಎಂದಳು. ಒಲೆಯ ಬಳಿಯ ಪಾತ್ರೆಗಳನ್ನು ಒಂದರೊಳಗೊಂದು ಇಡುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಪೊಟ್ಟಣ, ಬಾಣಲೆ, ಎರಡು ತಟ್ಟೆ ಅನ್ನ. ಗಂಡನಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಯಜಮಾನರ ಮನೆಗೂ ಹೋಗಿ ಬಂದೆ, ಯಾರೂ ನಂಬಲಿಲ್ಲ. ನೀನು ಮಾಡದ ತಪ್ಪಿಗೆ ನಿನ್ನನ್ನು ಓಡಿಸುತ್ತಿದ್ದಾರೆ ಎಂದು ಎಲ್ಲರ ಮುಂದೆ ಹೇಳಿದ್ದೇನೆ ಎಂದೆ. ಹೇಳುತ್ತಾ ಅಳು ಬಂತು. ಅವಳು ಕೈ ಹಿಡಿದು ನೀವೇನು ಮಾಡುತ್ತೀರಿ ಅಮ್ಮೋರೆ ಎನ್ನುತ್ತಾಳೆ ಎಂದು ಕಾದಿದ್ದೆನೋ ಏನೋ.

ಅವಳು ಪಾತ್ರೆ ಇಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಾನು ಹಾಕಿಲ್ಲ ಅಂತ ನಿಮಗೆ ಯಾರು ಹೇಳಿದ್ರು?"

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಯಜಮಾನ್ರು ಮೂರು ಜನ ಗಂಡಸ್ರನ್ನ ಕರ್ಕೊಂಡು ಬಂದ್ರು. ನೀನೇ ಹಾಕಿದ್ದು, ಊರು ಬಿಡು ಅಂದ್ರು. ನಿಮ್ಮ ಯಜಮಾನ್ರೂ ಅಷ್ಟೇ. ನೀವು ಬಂದು ನೀನು ಹಾಕಿಲ್ಲ ಅಂತೀರ. ಹಾಕಿದ್ದೀಯ ಇಲ್ವಾ ಅಂತ ಇವತ್ತಿನ ಗಂಟ ಒಬ್ರೂ ನನ್ನ ಕೇಳಲಿಲ್ಲ. ನೀವೂ ಕೇಳಲಿಲ್ಲ."

ಆಗ ನಾನು ಕೇಳಿದೆ. ಕೇಳಬಾರದಾಗಿತ್ತು, ಆದರೂ ಕೇಳಿದೆ. "ಹಾಕಿದ್ಯಾ?"

"ಈಗ ತಿಳ್ಕೊಂಡು ಏನ್ ಮಾಡ್ತೀರ ಅಮ್ಮೋರೆ" ಎಂದು ಅವಳು ಮತ್ತೆ ಪಾತ್ರೆಗಳ ಕಡೆಗೆ ತಿರುಗಿದಳು. "ಹಾಕಿದ್ದೀನಿ ಅಂದ್ರೆ ನಿಮಗೆ ನಿದ್ದೆ ಬರ್ತದೆ. ಇಲ್ಲ ಅಂದ್ರೆ ಬರಲ್ಲ. ನಾಳೆ ಬೆಳಿಗ್ಗೆ ನಾನು ಬಸ್ ಹತ್ತೋದು ಎರಡಕ್ಕೂ ಒಂದೇ."

ಭಾನುವಾರ ಬೆಳಗಿನ ಬಸ್ಸಿಗೆ ತಾಯಿ ಮಗಳು ಹೋದರು. ನಮ್ಮವರು ಗಂಟುಗಳನ್ನು ಬಸ್ಸಿನ ಮೇಲೆ ಹಾಕಿಸಿ ಬಂದು, ಪಾಪ, ಒಳ್ಳೆ ಕೆಲಸದವಳು ಎಂದರು. ಸೋಮವಾರ ಸುಗ್ಗಿ ಚೆನ್ನಾಗಿಯೇ ನಡೆಯಿತಂತೆ. ಮಂಗಳವಾರ ಅತ್ತೆ ಅಟ್ಟದಿಂದ ಡಬ್ಬಿ ಇಳಿಸಿ ಸಾರಿಗೆ ಒಗ್ಗರಣೆ ಹಾಕಿದರು. ಅವರು ಬಡಿಸುವಾಗ ನನ್ನ ಮುಖ ನೋಡಲಿಲ್ಲ, ಅಥವಾ ನನಗೆ ಹಾಗೆ ಕಂಡಿತು.

ಆ ವಾರ ಪೂರ್ತಿ ನಾನು ಪಾಠ ಮಾಡಿದೆ, ಆದರೆ ಏನು ಮಾಡಿದೆನೋ ನೆನಪಿಲ್ಲ. ಅವಳು ಹಾಕಿರಬಹುದು. ಹಾಕದೆಯೂ ಇದ್ದಿರಬಹುದು, ಕೇಳದವರಿಗೆ ಉತ್ತರ ಕೊಡಬಾರದೆಂಬ ಸ್ವಾಭಿಮಾನಕ್ಕೆ ಹಾಗೆ ಅಂದಿರಬಹುದು. ನನ್ನ ಅಳು ನಿಲ್ಲಿಸಲೆಂದು ಕನಿಕರಕ್ಕೆ ಅಂದಿರಲೂಬಹುದು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಊರಿನವರು ಅವಳನ್ನು ಕೆಟ್ಟವಳೆಂದು ಮೊದಲೇ ತೀರ್ಮಾನಿಸಿದ್ದರು, ನಾನು ಪಾಪದವಳೆಂದು ಮೊದಲೇ ತೀರ್ಮಾನಿಸಿದ್ದೆ. ಎರಡಕ್ಕೂ ಇದ್ದ ಆಧಾರ ಅಷ್ಟರಲ್ಲೇ ಇತ್ತು. ನನ್ನದು ಒಳ್ಳೆಯ ಮನಸ್ಸಿನಿಂದ ಬಂದದ್ದು ಎಂಬುದು ಹೆಚ್ಚುಗಾರಿಕೆ ಹೌದೋ ಅಲ್ಲವೋ, ಅದೂ ಬಗೆಹರಿಯಲಿಲ್ಲ.

ಪರೀಕ್ಷೆಯ ದಿನ ಮಕ್ಕಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋದವಳು ನಾನೇ. ಹನ್ನೊಂದು ಮಕ್ಕಳು ಬರಬೇಕಾಗಿತ್ತು, ಹತ್ತೇ ಮಕ್ಕಳು ಬಂದಿದ್ದರು. ಗಂಟೆ ಹೊಡೆದು ಪ್ರಶ್ನೆಪತ್ರಿಕೆ ಹಂಚಿದ ಮೇಲೆ ಅಲ್ಲಿನ ಮುಖ್ಯೋಪಾಧ್ಯಾಯರು ಹಾಜರಿ ಪಟ್ಟಿ ಹಿಡಿದುಕೊಂಡು ಹೊರಗೆ ಬಂದರು. ಖಾಲಿ ಇದ್ದ ಡೆಸ್ಕಿನ ನಂಬರ್ ಓದಿ, "ಈ ಹುಡುಗಿ ಯಾಕೆ ಬಂದಿಲ್ಲ ಮೇಡಂ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್" ಎಂದೆ. ಅವರು ಗೈರುಹಾಜರಿ ಎಂದು ಬರೆದುಕೊಂಡು ಒಳಗೆ ಹೋದರು. ನಾನು ಹೇಳಿದ್ದು ಸುಳ್ಳೇ ಎಂದು ಬಸ್ ಸ್ಟಾಪಿನವರೆಗೂ ಅಂದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಅದೂ ಖಚಿತವಾಗಲಿಲ್ಲ.